ಬೆಳಕನ್ನು ತಡೆಹಿಡಿಯುವ ವಜ್ರ

ನೀರನ್ನು ಕೊಡದಲ್ಲಿ ತುಂಬಿಡಬಹುದು. ಧಾನ್ಯವನ್ನು ಕಣಜದಲ್ಲಿ ಕೂಡಿಡಬಹುದು. ವಿದ್ಯುತ್ತನ್ನು ಸಹ ಬ್ಯಾಟರಿಗಳಲ್ಲಿ ಬೇರೊಂದು ರೂಪದಲ್ಲಿ ಇಟ್ಟುಕೊಂಡು ಬೇಕೆಂದಾಗ ಮರಳಿ ಪಡೆಯಬಹುದು. ಬೆಳಕನ್ನು ಮಾತ್ರ ಹೀಗೆ ಕೂಡಿಡಲು ಬಾರದೆಂಬುದು ನಮ್ಮೆಲ್ಲರ ಅನುಭವ. ದೀಪವನ್ನಾರಿಸಿದ ಕ್ಷಣದಲ್ಲಿಯೇ ಕೋಣೆ ಕತ್ತಲಾಗುವುದು. ಗೋಡೆಗಳಿಗೆಲ್ಲ ಅತ್ಯುತ್ತಮವಾದ ಕನ್ನಡಿಗಳನ್ನು ಹೊದಿಸಿದರೂ ಒಂದೊಂದು ಪ್ರತಿಫಲನದಲ್ಲಿಯೂ ಅಷ್ಟಷ್ಟು ಬೆಳಕು ಹೀರಲ್ಪಟ್ಟು, ನಾವು ಎವೆಯಿಕ್ಕುವುದರೊಳಗಾಗಿ ಎಲ್ಲವೂ ಮುಗಿದುಹೋಗಿರುವುದು.

ಛಾಯಾಚಿತ್ರವು ಬೆಳಕಿನ ನೆನಪಲ್ಲವೆ ಎಂದು ವಾಚಕರು ಕೇಳಬಹುದು. ನೆನಪು ಹೌದು; ಆದರೆ ಅದು ಸತ್ತವರ ನೆನಪಿನಂತೆ. ಫಲಕದ ಮೇಲೆ ಬಿದ್ದ ಬೆಳಕು ಅಲ್ಲಿಯೇ ನಾಶವಾಗಿ, ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿತೆಂಬ ಗುರುತನ್ನು ಮಾತ್ರ ಉಳಿಸಿ ಹೋಗುವುದು. ಇಂದಿನ ಭೌತವಿಜ್ಞಾನಿಗಳು ಅಪೇಕ್ಷಿಸುತ್ತಿರುವುದು ಇದಕ್ಕಿಂತ ಬಹಳ ಕಠಿಣವಾದುದನ್ನು. ಬೆಳಕಿನ ಒಂದೇ ಒಂದು ಕಣವನ್ನು, ಅಂದರೆ ಒಂದು ಫೋಟಾನನ್ನು, ಒಂದು ಘನವಸ್ತುವಿನೊಳಗೆ ಇಳಿಸಿ, ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಿಸಿ, ಬೇಕೆಂದಾಗ ಹೊರಕ್ಕೆ ಕರೆಯಬೇಕು. ಹೊರಬಂದ ಫೋಟಾನಿನ ಬಣ್ಣ, ಅದರ ಅಲೆಯ ಏರಿಳಿತದ ಘಟ್ಟ, ಅದು ಕಂಪಿಸುವ ದಿಕ್ಕು ಎಲ್ಲವೂ ಒಳಹೊಕ್ಕಾಗ ಇದ್ದಂತೆಯೇ ಇರಬೇಕು. ನಡುವೆ ಅದನ್ನು ಯಾರೂ ಇಣುಕಿ ನೋಡಕೂಡದು, ನೋಡಿದರೆ ಕೆಡುವುದು. ಇಂತಹ ಸಾಧನಕ್ಕೆ ಕ್ವಾಂಟಂ ಸ್ಮೃತಿಯೆಂದು ಹೆಸರು.

ಇಷ್ಟೊಂದು ಪಾಡು ಏತಕ್ಕೆ? ಉತ್ತರವನ್ನು ಅರಸಿ ಬಹು ದೂರ ಹೋಗಬೇಕಾಗಿಲ್ಲ. ರಾಜಾಜಿನಗರದಿಂದ ಕೆಂಗೇರಿಗೆ ಸುಮಾರು ೧೫ ಕಿಲೋಮೀಟರ್ ಉದ್ದದ ಒಂದು ಗಾಜಿನ ತಂತುವನ್ನು ಎಳೆದಿದ್ದೇವೆಂದು ಭಾವಿಸಿಕೊಳ್ಳೋಣ. ದೂರವಾಣಿ ಮತ್ತು ಅಂತರಜಾಲದ ಸಂದೇಶಗಳೆಲ್ಲ ಇಂದು ಹರಿಯುತ್ತಿರುವುದು ಇಂತಹ ತಂತುಗಳಲ್ಲಿಯೇ. ಇಂತಹ ಗಾಜಿನಲ್ಲಿ ಸಾಮಾನ್ಯವಾಗಿ ೧೫ ಕಿಲೋಮೀಟರ್ ಸಾಗುವುದರೊಳಗೆ ಬೆಳಕಿನ ಅರ್ಧಭಾಗ ಕಳೆದುಹೋಗುವುದು. ೧೦೦ ಕಿಲೋಮೀಟರಿನ ಕೊನೆಯಲ್ಲಿ ಉಳಿಯುವುದು ನೂರಕ್ಕೆ ಒಂದು. ಮೈಸೂರನ್ನು ಮುಟ್ಟುವುದು ಸುಮಾರು ೬೦೦ರಲ್ಲಿ ಒಂದು. ೫೦೦ ಕಿಲೋಮೀಟರ್ ದೂರದ ಬೆಳಗಾವಿಗಾದರೋ ಸಾವಿರ ಕೋಟಿ ಫೋಟಾನುಗಳನ್ನು ಕಳುಹಿಸಿದರೆ ಒಂದು ತಲುಪೀತು. ದಿಲ್ಲಿಯ ಮಾತನ್ನು ಎತ್ತಲೇಬಾರದು. ಕ್ಷಣಕ್ಕೆ ನೂರು ಕೋಟಿಯಂತೆ ಬಿಡುತ್ತ ಕುಳಿತರೂ ಒಂದನ್ನು ಮುಟ್ಟಿಸಲು ವಿಶ್ವದ ಈವರೆಗಿನ ವಯಸ್ಸೂ ಸಾಲದು.

ಸಾಮಾನ್ಯ ಸಂದೇಶಗಳಿಗೆ ಇದರಿಂದ ಬಾಧೆಯಿಲ್ಲ. ದಾರಿಯಲ್ಲಿ ಅಲ್ಲಲ್ಲಿ ವರ್ಧಕಗಳನ್ನಿಟ್ಟು ಸೊರಗಿದ ಬೆಳಕನ್ನು ಮತ್ತೆ ಪುಷ್ಟಿಗೊಳಿಸುತ್ತಾರೆ. ಆದರೆ ಗುಟ್ಟಿನ ಸಂದೇಶವನ್ನು ಒಂಟಿ ಫೋಟಾನುಗಳ ಮೇಲೆ ಹೇರಿ ಕಳುಹಿಸುವಾಗ ಈ ಉಪಾಯ ನಡೆಯದು. ಅಪರಿಚಿತವಾದ ಕ್ವಾಂಟಂ ಸ್ಥಿತಿಯೊಂದರ ತದ್ವತ್ತಾದ ಪ್ರತಿಯನ್ನು ತೆಗೆಯುವುದು ಪ್ರಕೃತಿಯಲ್ಲಿಯೇ ಸಾಧ್ಯವಿಲ್ಲವೆಂದು ೧೯೮೨ರಲ್ಲಿ ವೂಟರ್ಸ್ ಮತ್ತು ಜುರೆಕ್ ಅವರೂ, ಬೇರೆಯಾಗಿ ಡೀಕ್ಸ್ ಅವರೂ ತೋರಿಸಿಕೊಟ್ಟರು. ಕದ್ದು ಕೇಳುವವನು ಪ್ರತಿ ತೆಗೆಯಲಾರನೆಂಬುದೇ ಇಂತಹ ಸಂದೇಶದ ಭದ್ರತೆ. ಕಳ್ಳನನ್ನು ಕಟ್ಟಿಹಾಕಿದ ಅದೇ ನಿಯಮವು ಅಂಚೆಯವನ ಕೈಯನ್ನೂ ಕಟ್ಟಿಹಾಕಿತು!

ಇದರಿಂದ ಬಿಡಿಸಿಕೊಳ್ಳುವ ದಾರಿಯನ್ನು ೧೯೯೮ರಲ್ಲಿ ಬ್ರೀಗೆಲ್, ಡ್ಯೂರ್, ಸಿರಾಕ್ ಮತ್ತು ಝೋಲರ್ ಎಂಬ ನಾಲ್ವರು ಸೂಚಿಸಿದರು. ಉದ್ದದ ಹಾದಿಯನ್ನು ತುಂಡುತುಂಡಾಗಿ ವಿಭಾಗಿಸಿ, ಒಂದೊಂದು ತುಂಡಿನ ಎರಡು ತುದಿಗಳಲ್ಲಿಯೂ ಒಂದಕ್ಕೊಂದು ಹೆಣೆದುಕೊಂಡ ಕ್ವಾಂಟಂ ಜೋಡಿಯನ್ನು ಸ್ಥಾಪಿಸಿ, ಅನಂತರ ತುಂಡುಗಳನ್ನು ಬೆಸೆಯುವುದು ಅವರ ಯುಕ್ತಿ. ಬೆಳಗಾವಿಯ ಹಾದಿಯನ್ನು ನೂರು ನೂರು ಕಿಲೋಮೀಟರುಗಳ ಐದು ತುಂಡುಗಳಾಗಿ ಮಾಡಿದೆವೆನ್ನಿ. ಒಂದೊಂದು ತುಂಡಿನಲ್ಲಿಯೂ ನೂರು ಸಲಕ್ಕೆ ಒಂದು ಸಲ ಜಯ. ಐದೂ ತುಂಡುಗಳಲ್ಲಿ ಒಂದೇ ಕ್ಷಣದಲ್ಲಿ ಜಯ ದೊರೆಯಬೇಕೆಂದರೆ ಮತ್ತೆ ಸಾವಿರ ಕೋಟಿಗೆ ಒಂದು ಸಲವೇ. ತುಂಡರಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ. ಮೊದಲು ಗೆದ್ದ ತುಂಡು ತನ್ನ ಗೆಲವನ್ನು ಹಿಡಿದುಕೊಂಡು ಉಳಿದವುಗಳಿಗಾಗಿ ಕಾಯುವಂತಿದ್ದರೆ ಮಾತ್ರ ಲೆಕ್ಕ ಬದಲಾಗುವುದು. ಕೆಂಗೇರಿಯಿಂದ ಬಂದವನು ಮೆಜೆಸ್ಟಿಕ್ಕಿನಲ್ಲಿಳಿದು ಮಲ್ಲೇಶ್ವರದ ಬಸ್ಸನ್ನು ಹಿಡಿಯುತ್ತಾನೆ. ಅಲ್ಲಿ ನಿಂತು ಕಾಯಲು ನಿಲ್ದಾಣವೇ ಇಲ್ಲದಿದ್ದರೆ ಎರಡು ಬಸ್ಸುಗಳೂ ಒಂದೇ ನಿಮಿಷದಲ್ಲಿ ಪಕ್ಕಪಕ್ಕದಲ್ಲಿ ಬಂದು ನಿಲ್ಲಬೇಕಾಗುತ್ತಿತ್ತು. ಫೋಟಾನುಗಳ ಪಾಲಿಗೆ ಕ್ವಾಂಟಂ ಸ್ಮೃತಿಯೇ ಆ ನಿಲ್ದಾಣ.

ಈ ನಿಲ್ದಾಣವನ್ನು ಕಟ್ಟುವ ಪ್ರಯತ್ನಗಳಲ್ಲಿ ಒಂದಕ್ಕೆ ಬೆಂಗಳೂರಿನ ನಂಟಿದೆ. ೧೯೨೮ನೆಯ ಇಸವಿಯ ಮಾರ್ಚಿ ೧೬ನೆಯ ತಾರೀಖು ಶುಕ್ರವಾರದಂದು ನಮ್ಮ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಆಶ್ರಯದಲ್ಲಿ ಒಂದು ಉಪನ್ಯಾಸ ನಡೆಯಿತು. ಮಾತನಾಡಿದವರು ಕಲ್ಕತ್ತೆಯಿಂದ ಬಂದ ಪ್ರೊಫೆಸರ್ ಚಂದ್ರಶೇಖರ ವೆಂಕಟರಾಮನ್. ವಿಷಯ ‘ಒಂದು ಹೊಸ ವಿಕಿರಣ’. ತಮ್ಮ ಸಹಕಾರಿಗಳಾದ ಕೆ. ಎಸ್. ಕೃಷ್ಣನ್ ಅವರೊಡನೆ ಹದಿನೇಳು ದಿನಗಳ ಹಿಂದೆ, ಫೆಬ್ರವರಿ ೨೮ರಂದು, ಕಂಡುಕೊಂಡುದನ್ನು ಅವರು ವಿದ್ವಾಂಸರ ಸಭೆಯ ಮುಂದೆ ವಿವರವಾಗಿ ನಿರೂಪಿಸಿದ್ದು ಈ ಊರಿನಲ್ಲಿ. ಫೆಬ್ರವರಿ ೨೮ನ್ನು ನಾವು ವಿಜ್ಞಾನ ದಿನವೆಂದು ಆಚರಿಸುತ್ತೇವೆ. ಮಾರ್ಚಿ ೧೬ನ್ನು ಬೆಂಗಳೂರಿಗರಾದರೂ ನೆನೆಯಬಹುದೆಂದು ನನಗೆ ತೋರುತ್ತದೆ.

ರಾಮನ್ ಪರಿಣಾಮವನ್ನು ಸುಂಕದ ಕಟ್ಟೆಯ ಹೋಲಿಕೆಯಿಂದ ತಿಳಿಯಬಹುದು. ಬೆಳಕಿನ ಕಣವೊಂದು ವಸ್ತುವಿನ ಮೂಲಕ ಹಾದುಹೋಗುವಾಗ ಸಾಮಾನ್ಯವಾಗಿ ಏನನ್ನೂ ಕೊಡದೆ ದಾಟಿಹೋಗುವುದು. ಅಪರೂಪವಾಗಿ, ಕೋಟಿಗೆ ಒಂದರಂತೆ, ಯಾವುದೋ ಒಂದು ಕಣ ಅಲ್ಲಿಯ ಪರಮಾಣುಗಳನ್ನು ನಡುಗಿಸಿ, ಆ ನಡುಕಕ್ಕೆ ಬೇಕಾದ ಶಕ್ತಿಯನ್ನು ಸುಂಕವಾಗಿ ತೆತ್ತು, ಸ್ವಲ್ಪ ಕೆಂಪಿನ ಕಡೆಗೆ ವಾಲಿದ ಬಣ್ಣದಿಂದ ಹೊರಬೀಳುವುದು. ಸುಂಕದ ದರ ಆಯಾ ವಸ್ತುವಿಗೆ ನಿಶ್ಚಿತ. ಕಟ್ಟೆಯಲ್ಲಿ ಮೊದಲೇ ಹಣ ಜಮೆಯಾಗಿದ್ದರೆ, ಅಂದರೆ ಪರಮಾಣುಗಳು ಆಗಲೇ ನಡುಗುತ್ತಿದ್ದರೆ, ಮತ್ತೊಂದು ಕಣ ಬಂದು ಅದನ್ನೆತ್ತಿಕೊಂಡು ನೇರಿಳೆಯ ಕಡೆಗೆ ವಾಲಿದ ಬಣ್ಣದಿಂದ ಹೊರಡುವುದೂ ಉಂಟು. ಮೊದಲನೆಯದನ್ನು ಸ್ಟೋಕ್ಸ್ ರೇಖೆಯೆಂದೂ ಎರಡನೆಯದನ್ನು ಪ್ರತಿಸ್ಟೋಕ್ಸ್ ರೇಖೆಯೆಂದೂ ಕರೆಯುತ್ತಾರೆ. ಕಟ್ಟೆಯಲ್ಲಿ ಇಡುವುದು, ಕಟ್ಟೆಯಿಂದ ಎತ್ತುವುದು: ಸ್ಮೃತಿಗೆ ಬೇಕಾದ ಎರಡು ಕ್ರಿಯೆಗಳೂ ಇಲ್ಲಿಯೇ ಇವೆಯೆಂಬುದನ್ನು ಗಮನಿಸಬೇಕು. ೧೯೨೮ರಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯಲು ಕಾರಣವೂ ಇರಲಿಲ್ಲ.

೧೯೩೩ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ೧೯೭೦ರ ನವೆಂಬರ್ ೨೧ರಂದು ಕಣ್ಮುಚ್ಚುವವರೆಗೆ ಇದೇ ಅವರ ಊರಾಯಿತು. ನಿರ್ದೇಶಕ ಪದವಿ ೧೯೩೭ರಲ್ಲಿ ಕೊನೆಗೊಂಡರೂ ಭೌತವಿಜ್ಞಾನ ವಿಭಾಗದಲ್ಲಿ ೧೯೪೮ರವರೆಗಿದ್ದು, ಅನಂತರ ಮೈಸೂರು ಮಹಾರಾಜರಿಂದ ದಾನವಾಗಿ ಬಂದ ನೆಲದಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ಕಟ್ಟಿದರು. ಈ ವರ್ಷಗಳಲ್ಲಿ ಅವರ ಮನಸ್ಸನ್ನು ಸೆರೆಹಿಡಿದ ವಸ್ತುಗಳಲ್ಲಿ ಮುಖ್ಯವಾದುದು ವಜ್ರ.

ಇದು ಆಭರಣದ ಮೋಹವಲ್ಲ. ಇಂಗಾಲದ ಪರಮಾಣು ಬಲು ಹಗುರ. ವಜ್ರದಲ್ಲಿ ಅದು ನಾಲ್ಕು ನೆರೆಯವರೊಡನೆ ಬಲು ಬಿಗಿಯಾಗಿ ಕಟ್ಟಲ್ಪಟ್ಟಿದೆ. ಬಿಗಿದ ತಂತಿ, ಹಗುರ ಬಿಲ್ಲೆ. ವೀಣೆಯನ್ನು ಬಲ್ಲವರಿಗೆ ಇದರ ಪರಿಣಾಮವೇನೆಂಬುದು ಗೊತ್ತು: ಶ್ರುತಿ ಏರುವುದು. ೧೯೩೦ರಲ್ಲಿ ಸಿ. ರಾಮಸ್ವಾಮಿಯವರೂ, ಇಂಗ್ಲೆಂಡಿನಲ್ಲಿ ರಾಬರ್ಟ್‌ಸನ್ ಮತ್ತು ಫಾಕ್ಸ್ ಅವರೂ ವಜ್ರದ ರಾಮನ್ ರೋಹಿತದಲ್ಲಿ ಏಕಾಂಗಿಯಾಗಿ ಹೊಳೆಯುವ ಒಂದು ತೀಕ್ಷ್ಣ ರೇಖೆಯನ್ನು ಕಂಡರು. ರೋಹಿತಜ್ಞರ ಲೆಕ್ಕದಲ್ಲಿ ಅದರ ಸ್ಥಾನ ೧೩೩೨. ಎಂದರೆ ಸುಂಕದ ಶಕ್ತಿಯುಳ್ಳ ಬೆಳಕಿನ ೧೩೩೨ ಅಲೆಗಳು ಒಂದು ಸೆಂಟಿಮೀಟರಿನಲ್ಲಿ ಹಿಡಿಸುವುವು. ಕ್ಷಣಕ್ಕೆ ಸುಮಾರು ೪೦ ಲಕ್ಷ ಕೋಟಿ ಕಂಪನಗಳು! ಬೆಂಗಳೂರಿನಲ್ಲಿ ರಾಮನ್ ಮತ್ತು ಅವರ ಶಿಷ್ಯರು ಇದನ್ನು ಬಗೆಬಗೆಯಾಗಿ ಪರೀಕ್ಷಿಸಿದರು. ರಾಮನ್ ೧೯೩೪ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ೧೯೪೪ರಲ್ಲಿ ವಜ್ರದ ರಚನೆ ಮತ್ತು ಗುಣಗಳ ಮೇಲೆಯೇ ಒಂದು ಲೇಖನಮಾಲೆ ಹೊರಬಂದಿತು. ಆರ್. ಎಸ್. ಕೃಷ್ಣನ್ ಅವರು (ಮೇಲೆ ಹೇಳಿದ ಕೆ. ಎಸ್. ಕೃಷ್ಣನ್ ಬೇರೆ, ಇವರು ಬೇರೆ) ಪಾದರಸದ ಆವಿಯ ದೀಪದ ನೇರಿಳೆಯಾಚೆಯ ಬೆಳಕನ್ನುಪಯೋಗಿಸಿ, ೧೩೩೨ರ ರೇಖೆಯ ಆಚೆಗೆ ಅತಿ ಮಂದವಾಗಿ ಹರಡಿರುವ ಎರಡನೆಯ ದರ್ಜೆಯ ರೋಹಿತವನ್ನೂ ಹಿಡಿದರು.

ಇಲ್ಲಿ ಒಂದು ವಿವಾದ ಹುಟ್ಟಿತು. ಮಂದ ರೋಹಿತದಲ್ಲಿ ಕಂಡ ಚೂಪಾದ ರೇಖೆಗಳನ್ನು ನೋಡಿ, ಸ್ಫಟಿಕದ ಪರಮಾಣುಗಳು ಬೆರಳೆಣಿಕೆಯ ನಿಶ್ಚಿತ ಶ್ರುತಿಗಳಲ್ಲಿ ಮಾತ್ರ ಕಂಪಿಸುವುವೆಂದು ರಾಮನ್ ವಾದಿಸಿದರು. ಮ್ಯಾಕ್ಸ್ ಬಾರ್ನ್ ಅವರ ಹಳೆಯ ಸಿದ್ಧಾಂತವಾದರೋ ಶ್ರುತಿಗಳು ಒಂದಕ್ಕೊಂದು ಅಂಟಿಕೊಂಡಂತೆ ಅವಿಚ್ಛಿನ್ನವಾಗಿ ಇರುವುವೆಂದು ಹೇಳುತ್ತಿತ್ತು. ಇದೇ ಬಾರ್ನ್ ಅವರನ್ನು ರಾಮನ್ ೧೯೩೫ರಲ್ಲಿ ಆಹ್ವಾನಿಸಿ ಕೆಲವು ತಿಂಗಳ ಕಾಲ ಬೆಂಗಳೂರಿನಲ್ಲಿ ಇರಿಸಿಕೊಂಡಿದ್ದರು. ೧೯೪೮ರಲ್ಲಿ ಹೆಲೆನ್ ಸ್ಮಿತ್ ಎಂಬಾಕೆ ಬಾರ್ನ್ ಅವರ ಮಾರ್ಗದಿಂದಲೇ ವಜ್ರದ ರೋಹಿತವನ್ನು ಗಣಿಸಿದರು. ೧೯೫೩ರಲ್ಲಿ ವಾನ್ ಹೋವ್ ಅವರು ಅವಿಚ್ಛಿನ್ನ ರೋಹಿತದಲ್ಲಿಯೂ ಚೂಪಾದ ಶಿಖರಗಳು ಏಕೆ ಕಾಣಬಹುದೆಂಬುದನ್ನು ವಿವರಿಸಿದರು. ನ್ಯೂಟ್ರಾನುಗಳಿಂದ ಮಾಡಿದ ಅಳತೆಗಳು ಬಾರ್ನ್ ಅವರ ಪಕ್ಷವನ್ನೇ ಎತ್ತಿಹಿಡಿದುವು. ಸಿದ್ಧಾಂತದಲ್ಲಿ ರಾಮನ್ ಸೋತರು. ಸೋಲನ್ನು ಅವರು ಒಪ್ಪಲಿಲ್ಲ. ಅವರ ಗುಂಪು ತೆಗೆದ ರೋಹಿತಗಳು ಮಾತ್ರ ಇಂದಿಗೂ ಸರಿಯಾಗಿಯೇ ಇವೆ. ಒಬ್ಬ ವಿಜ್ಞಾನಿಯ ಪ್ರಭಾವವನ್ನು ಅಳೆಯುವಾಗ ಆತನ ವಾದವನ್ನೂ ಆತನ ಅಳತೆಯನ್ನೂ ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಬೇಕೆಂದು ನಾನು ಭಾವಿಸುತ್ತೇನೆ.

ಇನ್ನು ೨೦೧೧ಕ್ಕೆ ಬರೋಣ. ಆ ವರ್ಷ ಆಕ್ಸ್‌ಫರ್ಡಿನಲ್ಲಿ ಇಯಾನ್ ವಾಮ್ಸ್‌ಲಿಯವರ ಗುಂಪು ಸುಮಾರು ೩ ಮಿಲಿಮೀಟರ್ ಗಾತ್ರದ ಎರಡು ವಜ್ರಗಳನ್ನು ೧೫ ಸೆಂಟಿಮೀಟರ್ ಅಂತರದಲ್ಲಿಟ್ಟು, ೧೩೩೨ರ ಕಂಪನದ ಒಂದೇ ಒಂದು ಶಕಲವನ್ನು ಎರಡೂ ವಜ್ರಗಳು ಹಂಚಿಕೊಂಡಿರುವಂತೆ ಮಾಡಿತು. ಕಂಪಿಸುತ್ತಿರುವುದು ಈ ವಜ್ರವೋ ಆ ವಜ್ರವೋ ಎಂಬ ಪ್ರಶ್ನೆಗೆ ಪ್ರಕೃತಿಯಲ್ಲಿಯೇ ಉತ್ತರವಿಲ್ಲದ ಸ್ಥಿತಿ ಅದು. ೨೦೧೩ರಲ್ಲಿ ಕೆನಡ ದೇಶದ ಆಟವಾದಲ್ಲಿ ಡಂಕನ್ ಇಂಗ್ಲೆಂಡ್, ಬೆಂಜಮಿನ್ ಸಸ್‌ಮನ್ ಮತ್ತು ಸಂಗಡಿಗರು ವಜ್ರವನ್ನು ಬೆಳಕಿನ ಸ್ಮೃತಿಯಾಗಿ ಉಪಯೋಗಿಸಿದರು. ೨೦೧೫ರಲ್ಲಿ ಒಂಟಿ ಫೋಟಾನುಗಳನ್ನೇ ಅದರಲ್ಲಿಟ್ಟು ತೆಗೆದರು.

ಅವರು ಮಾಡಿದುದು ಸುಂಕದ ಕಟ್ಟೆಯ ವ್ಯವಹಾರವನ್ನೇ. ಕೂಡಿಡಬೇಕಾದ ಫೋಟಾನಿನ ಅಲೆಯುದ್ದ ೭೨೩ ನ್ಯಾನೊಮೀಟರ್. ಅದರೊಡನೆ ೮೦೦ ನ್ಯಾನೊಮೀಟರಿನ ಪ್ರಬಲವಾದ ಲೇಸರ್ ಮಿಡಿತವೊಂದನ್ನು ವಜ್ರದೊಳಕ್ಕೆ ಬಿಡುತ್ತಾರೆ. ಎರಡರ ಶಕ್ತಿಗಳಿಗೂ ಇರುವ ಅಂತರ ನಿಖರವಾಗಿ ಆ ೧೩೩೨. ಕೋಟಿಗೆ ಒಂದು ಸಲ ನಡೆಯುತ್ತಿದ್ದ ಘಟನೆ ಈ ಪ್ರಬಲ ಬೆಳಕಿನ ಪ್ರೇರಣೆಯಿಂದ ಸುಲಭವಾಗುವುದು. ಫೋಟಾನು ತನ್ನ ಸುಂಕವನ್ನು ವಜ್ರದಲ್ಲಿಟ್ಟು, ತಾನು ೮೦೦ರ ಬಣ್ಣಕ್ಕಿಳಿದು ಲೇಸರಿನ ಗುಂಪಿನಲ್ಲಿ ಸೇರಿಹೋಗುವುದು. ಅದರ ಅಲೆಯ ಏರಿಳಿತದ ಲೆಕ್ಕ ಇಂಗಾಲದ ಪರಮಾಣುಗಳ ಕಂಪನದಲ್ಲಿ ಉಳಿಯುವುದು. ಅನಂತರ ೮೦೦ರ ಮತ್ತೊಂದು ಮಿಡಿತವನ್ನು ಬಿಟ್ಟರೆ, ಅದರೊಳಗಿನ ಒಂದು ಫೋಟಾನು ಆ ಸುಂಕವನ್ನೆತ್ತಿಕೊಂಡು ೭೨೩ರ ಬಣ್ಣದಿಂದ ಹೊರಬರುವುದು.

ಈ ಸ್ಮೃತಿಯ ದೊಡ್ಡ ಗುಣ, ಅದಕ್ಕೆ ಶೀತಯಂತ್ರ ಬೇಕಿಲ್ಲವೆಂಬುದು. ಶಾಖವೆಂದರೆ ಪರಮಾಣುಗಳ ನಡುಕವಷ್ಟೆ. ಆದುದರಿಂದ ಸಾಮಾನ್ಯ ಸ್ಫಟಿಕಗಳಲ್ಲಿ ಕಟ್ಟೆ ಯಾವಾಗಲೂ ಅನ್ಯರ ಹಣದಿಂದ ತುಂಬಿರುವುದು, ನಾವು ಇಟ್ಟುದು ಯಾವುದೆಂದು ತಿಳಿಯದು. ವಜ್ರದ ಶ್ರುತಿ ಅತಿ ಎತ್ತರವಾಗಿರುವುದರಿಂದ ನಮ್ಮ ಕೋಣೆಯ ಉಷ್ಣತೆಯಲ್ಲಿ ಆ ಕಂಪನ ತಾನಾಗಿ ಎದ್ದಿರುವ ಸಂಭವ ಸುಮಾರು ೬೦೦ರಲ್ಲಿ ಒಂದು ಮಾತ್ರ. ವಿಜಯನಗರದ ಕಡೆಯ ನಮ್ಮ ತರಗತಿಯ ಕಪ್ಪುಹಲಗೆಯ ಮೇಲೆ ಬೋಲ್ಟ್ಸ್‌ಮನ್ನನ ಸೂತ್ರದಿಂದ ವಿದ್ಯಾರ್ಥಿಗಳೇ ಇದನ್ನು ಗಣಿಸಬಲ್ಲರು, ಗಣಿಸಿಯೂ ಇದ್ದಾರೆ.

ದೊಡ್ಡ ದೋಷವನ್ನೂ ಹೇಳಬೇಕು. ಇಟ್ಟ ಸುಂಕ ಕಟ್ಟೆಯಲ್ಲಿ ನಿಲ್ಲುವುದು ಒಂದು ಕ್ಷಣದ ಲಕ್ಷಕೋಟಿ ಭಾಗಗಳಲ್ಲಿ ಮೂರೂವರೆ ಭಾಗದಷ್ಟು ಹೊತ್ತು. ಅಷ್ಟರಲ್ಲಿ ಬೆಳಕು ಬಯಲಿನಲ್ಲಿ ಸಾಗುವುದು ಒಂದು ಸಾಸಿವೆಕಾಳಿನಷ್ಟು ದೂರ. ಕಂಪನವು ತನ್ನ ಅರ್ಧರ್ಧ ಶಕ್ತಿಯ ಎರಡು ಕಂಪನಗಳಾಗಿ ಒಡೆದು ಕಳೆದುಹೋಗುವುದೇ ಇದಕ್ಕೆ ಕಾರಣ. ಹೀಗೆ ಒಡೆಯಲು ತಕ್ಕ ಜೋಡಿಗಳು ಸದಾ ಸಿದ್ಧವಾಗಿರುವುದು, ಬಾರ್ನ್ ಹೇಳಿದಂತೆ ಕೆಳಗಿನ ಶ್ರುತಿಗಳು ಅವಿಚ್ಛಿನ್ನವಾಗಿ ತುಂಬಿಕೊಂಡಿರುವುದರಿಂದ. ಬೆಂಗಳೂರಿನಲ್ಲಿ ನಡೆದ ಆ ಹಳೆಯ ಜಗಳದ ತೀರ್ಪು ಹೀಗೆ ಇಂದಿನ ಸ್ಮೃತಿಯ ಆಯುಸ್ಸನ್ನೇ ನಿರ್ಧರಿಸುತ್ತಿದೆ. ಬೆಳಗಾವಿಯ ಹಾದಿಯ ನಿಲ್ದಾಣಕ್ಕೆ ಕ್ಷಣದ ಸಾವಿರದ ಭಾಗಗಳ ಲೆಕ್ಕದಲ್ಲಿ ಕಾಯುವ ತಾಳ್ಮೆ ಬೇಕು. ೧೩೩೨ರ ಕಂಪನಕ್ಕೆ ಆ ತಾಳ್ಮೆಯಿಲ್ಲ. ಮಿಂಚಿನಂತಹ ಮಿಡಿತಗಳ ಹೊತ್ತನ್ನು ಸರಿಗೊಳಿಸಲು, ಫೋಟಾನಿನ ಬಣ್ಣವನ್ನು ಬದಲಾಯಿಸಲು ಇದು ಒದಗಬಹುದು; ಆಟವಾದ ಗುಂಪು ೨೦೧೬ರಲ್ಲಿ ಬಣ್ಣ ಬದಲಾಯಿಸಿಯೂ ತೋರಿಸಿತು.

ತಾಳ್ಮೆಯುಳ್ಳ ಸ್ಫಟಿಕಗಳೂ ಇವೆ. ಅವುಗಳ ವಂಶದ ಮೊದಲಿಗ ಮಾಣಿಕ್ಯ. ೧೯೬೪ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕರ್ನಿಟ್, ಅಬೆಲ್ಲ ಮತ್ತು ಹಾರ್ಟ್‌ಮನ್ ಎಂಬುವರು ತಂಪುಗೊಳಿಸಿದ ಮಾಣಿಕ್ಯದ ಮೇಲೆ ಎರಡು ಬೆಳಕಿನ ಮಿಡಿತಗಳನ್ನು ಹಾಯಿಸಿದಾಗ, ಸ್ವಲ್ಪ ಹೊತ್ತಿನ ಮೇಲೆ ಮಾಣಿಕ್ಯವು ತಾನಾಗಿ ಮೂರನೆಯ ಮಿಡಿತವೊಂದನ್ನು ಬಾವಿಯ ಪ್ರತಿಧ್ವನಿಯಂತೆ ಹಿಂದಿರುಗಿಸಿತು. ವಿರಳಭಸ್ಮ ಧಾತುಗಳನ್ನು ಬೆರಸಿದ ಸ್ಫಟಿಕಗಳ ಸ್ಮೃತಿಗಳಲ್ಲಿ ಹಲವು ಈ ಪ್ರತಿಧ್ವನಿಯ ಮಕ್ಕಳೇ. ಪ್ರೆಸಿಯೋಡಿಮಿಯಂ, ಯೂರೋಪಿಯಂ ಮೊದಲಾದ ಈ ಧಾತುಗಳಲ್ಲಿ ಬೆಳಕನ್ನು ಹೀರುವ ಎಲೆಕ್ಟ್ರಾನುಗಳು ಹೊರ ಅಂಗಳದಲ್ಲಿಲ್ಲ. ತೊಟ್ಟಿಮನೆಯ ಒಳಕೋಣೆಯಲ್ಲಿರುವಂತೆ ಬೇರೆ ಎಲೆಕ್ಟ್ರಾನುಗಳ ಸುತ್ತುಗೋಡೆಯೊಳಗಿವೆ. ಬೀದಿಯ ಗದ್ದಲ ಅಲ್ಲಿಗೆ ಕೇಳಿಸುವುದು ಕಡಮೆ. ಆದರೂ ಸೊನ್ನೆಗಿಂತ ಸುಮಾರು ೨೭೦ ಡಿಗ್ರಿ ಕೆಳಗಿನ ಶೈತ್ಯ ಬೇಕೇ ಬೇಕು.

೨೦೧೦ರಲ್ಲಿ ಆಸ್ಟ್ರೇಲಿಯದ ಸೆಲ್ಲರ್ಸ್ ಅವರ ಗುಂಪು ಪ್ರೆಸಿಯೋಡಿಮಿಯಂ ಬೆರೆತ ಸ್ಫಟಿಕದಲ್ಲಿಟ್ಟ ಬೆಳಕಿನಲ್ಲಿ ನೂರಕ್ಕೆ ೬೯ರಷ್ಟನ್ನು ಹಿಂದಕ್ಕೆ ಪಡೆಯಿತು. ೨೦೧೩ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಬೆಳಕು ಒಂದು ನಿಮಿಷ ನಿಂತಿತು. ೨೦೨೧ರಲ್ಲಿ ಚೀನಾದಲ್ಲಿ ಯೂರೋಪಿಯಂ ಸ್ಫಟಿಕದೊಳಗೆ ಒಂದು ಗಂಟೆ. ಒಂಟಿ ಫೋಟಾನುಗಳನ್ನೇ ಇಷ್ಟು ದೀರ್ಘಕಾಲ ಇಟ್ಟು ತೆಗೆಯುವುದು ಇದಕ್ಕಿಂತ ಕಷ್ಟದ ಕೆಲಸ. ಈ ಪ್ರಯೋಗಶಾಲೆಗಳಲ್ಲಿ ಲೇಸರನ್ನು ಬೇಕಾದ ಮಿಡಿತಗಳಾಗಿ ಕತ್ತರಿಸುವ ಸಲಕರಣೆಯು ಶಬ್ದತರಂಗಗಳಿಂದ ಬೆಳಕನ್ನು ಬಾಗಿಸುವುದು. ಆ ಬಾಗುವಿಕೆಯ ಸಿದ್ಧಾಂತವನ್ನು ರಾಮನ್ ಮತ್ತು ನಾಗೇಂದ್ರನಾಥ್ ೧೯೩೫-೩೬ರಲ್ಲಿ ಬೆಂಗಳೂರಿನಲ್ಲಿ ಬೆಳೆಸಿದರು.

ಮಾಣಿಕ್ಯ ಮತ್ತು ವಜ್ರಗಳೆರಡನ್ನೂ ಕುರಿತು ರಾಮನ್ ಅವರ ಪ್ರಯೋಗಶಾಲೆಯಲ್ಲಿ ಶ್ರಮಿಸಿದವರೊಬ್ಬರನ್ನು ಇಲ್ಲಿ ಹೆಸರಿಸದಿದ್ದರೆ ಅನ್ಯಾಯವಾದೀತು. ಅನ್ನಾ ಮಣಿಯವರು ೧೯೪೦ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದು ಮೂವತ್ತಕ್ಕೂ ಹೆಚ್ಚು ವಜ್ರಗಳ ಹೊಳಪನ್ನು ಪರೀಕ್ಷಿಸಿದರು. ವಜ್ರವನ್ನು ದ್ರವವಾಯುವಿನ ಶೈತ್ಯದಲ್ಲಿಟ್ಟು, ಅದರ ಕ್ಷೀಣವಾದ ಬೆಳಕನ್ನು ಫಲಕದ ಮೇಲೆ ಹಿಡಿಯಲು ಹದಿನೈದು ಇಪ್ಪತ್ತು ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ರಾತ್ರಿಗಳೆಲ್ಲ ಅಲ್ಲಿಯೇ ಕಳೆಯುತ್ತಿದ್ದುವು. ೧೯೪೫ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನೊಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಆಕೆಗೆ ಡಾಕ್ಟರೇಟ್ ದೊರೆಯಲಿಲ್ಲ. ಮುಂದೆ ಆಕೆ ಹವಾಮಾನ ಇಲಾಖೆಯಲ್ಲಿ ಉಪಕರಣಗಳ ತಜ್ಞೆಯಾಗಿ ಹೆಸರಾದರು. ಆ ಪ್ರಬಂಧ ರಾಮನ್ ಸಂಸ್ಥೆಯ ಪುಸ್ತಕಭಂಡಾರದಲ್ಲಿದೆ.

ವಜ್ರದ ಹೊಳಪು ಹುಟ್ಟುವುದು ಬಹುಮಟ್ಟಿಗೆ ಅದರ ಕೊರತೆಗಳಿಂದ: ಇಂಗಾಲದ ಸ್ಥಾನದಲ್ಲಿ ಸಾರಜನಕವೋ ಮತ್ತೊಂದೋ ಕುಳಿತು, ಪಕ್ಕದ ಸ್ಥಾನ ಖಾಲಿ ಬಿದ್ದಿರುವ ಕಡೆಗಳಿಂದ. ಇಂತಹ ವರ್ಣಕೇಂದ್ರಗಳೇ ಇಂದು ವಜ್ರಕ್ಕೆ ಎರಡನೆಯ ಬಗೆಯ ಸ್ಮೃತಿಯನ್ನು ಕೊಟ್ಟಿವೆ. ಇಲ್ಲಿ ಸುಂಕವನ್ನು ಹಿಡಿಯುವುದು ಇಡೀ ಸ್ಫಟಿಕದ ನಡುಕವಲ್ಲ, ಒಂದು ಕೇಂದ್ರದ ಎಲೆಕ್ಟ್ರಾನಿನ ಗಿರಕಿ. ಅದರ ತಾಳ್ಮೆ ಬಹು ಹೆಚ್ಚು, ಶೈತ್ಯದ ಹಂಗೂ ಹೆಚ್ಚು. ಸಿಲಿಕಾನ್ ಕುಳಿತ ಕೇಂದ್ರಗಳನ್ನುಪಯೋಗಿಸಿ ೨೦೨೦ರಲ್ಲಿ ಹಾರ್ವರ್ಡಿನ ಗುಂಪು, ಸ್ಮೃತಿಯಿಲ್ಲದೆ ಸಾಧಿಸಬಹುದಾದುದಕ್ಕಿಂತ ಹೆಚ್ಚಿನ ವೇಗದಿಂದ ಗುಟ್ಟಿನ ಸಂದೇಶ ಸಾಗಿಸಬಹುದೆಂದು ತೋರಿಸಿತು. ೨೦೨೪ರಲ್ಲಿ ಅದೇ ಗುಂಪು ಬಾಸ್ಟನ್ ನಗರದ ಬೀದಿಗಳ ಕೆಳಗೆ ಮೊದಲೇ ಹುಗಿದಿದ್ದ ೩೫ ಕಿಲೋಮೀಟರಿನ ದೂರವಾಣಿ ತಂತುವಿನ ಮೂಲಕ ಎರಡು ವಜ್ರಸ್ಮೃತಿಗಳನ್ನು ಹೆಣೆಯಿತು. ರಾಜಾಜಿನಗರದಿಂದ ಕೆಂಗೇರಿಗೆ ಹೋಗಿ ಹಿಂದಿರುಗಿದರೂ ಅಷ್ಟು ದೂರವಾಗದು.

ನಮ್ಮ ದೇಶದಲ್ಲಿ ೨೦೨೩ರ ಏಪ್ರಿಲ್ ೧೯ರಂದು ಕೇಂದ್ರ ಸಂಪುಟವು ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ೬೦೦೩ ಕೋಟಿ ರೂಪಾಯಿಗಳಿಗೂ ಮೀರಿದ ಮೊತ್ತವನ್ನು ಎಂಟು ವರ್ಷಗಳ ಅವಧಿಗೆ ಮಂಜೂರು ಮಾಡಿತು. ೨೦೦೦ ಕಿಲೋಮೀಟರ್ ದೂರದ ನಗರಗಳ ನಡುವೆ ಗುಟ್ಟಿನ ಕೀಲಿಗಳ ರವಾನೆ ಅದರ ಗುರಿಗಳಲ್ಲೊಂದು. ಸ್ಮೃತಿಗಳನ್ನೊಳಗೊಂಡ ಹಲವು ಠಾಣೆಗಳ ಕ್ವಾಂಟಂ ಜಾಲ ಮತ್ತೊಂದು. ಮೊದಲನೆಯದಕ್ಕೆ ದಾರಿಯುದ್ದಕ್ಕೂ ನಂಬಿಕೆಯ ಮಧ್ಯಸ್ಥ ಠಾಣೆಗಳು ಬೇಕು. ಅಲ್ಲಿ ಕುಳಿತವನು ಮನಸ್ಸು ಮಾಡಿದರೆ ಗುಟ್ಟು ಬಯಲಾದೀತು. ಎರಡನೆಯದು ಕೈಗೂಡಿದಲ್ಲಿ ಆ ಮಧ್ಯಸ್ಥನನ್ನು ನಂಬಬೇಕಾಗಿಲ್ಲ. ಅವನ ಜಾಗದಲ್ಲಿ ಸಾಸಿವೆಕಾಳಿಗಿಂತಲೂ ಚಿಕ್ಕದಾದ ಒಂದು ವಜ್ರದ ಚೂರೋ, ಯೂರೋಪಿಯಂ ಬೆರೆತ ಒಂದು ಸ್ಫಟಿಕವೋ ಕುಳಿತಿರುವುದು.